ಅರ್ಧ ಸುಳ್ಳಿನ ರಸೀದಿ, ಐವತ್ತೊಂಬತ್ತನೇ ಕೊಡೆ

ಮಾರಾಟ ತೆರಿಗೆ ಅಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ, ತಾವು ನಿಜವಾದ ಅಧಿಕಾರಿಗಳೇ ಎಂದು ನಂಬಿ ಈ ಪತ್ರ ಬರೆಯುತ್ತಿದ್ದೇನೆ. ಹೀಗೆ ಶುರು ಮಾಡಿದ್ದಕ್ಕೆ ಸಿಟ್ಟಾಗಬೇಡಿ. ಹೋದ ವರ್ಷ ಒಬ್ಬರನ್ನು ಹಾಗೇ ನಂಬಿ ಕೈ ಸುಟ್ಟುಕೊಂಡವನು ನಾನು. ನನ್ನ ದೂರು ಇಷ್ಟೇ: ಒಂದೇ ರಸೀದಿಯ ಮೇಲಿನ ಅರ್ಧ ನಿಜ, ಕೆಳಗಿನ ಅರ್ಧ ಸುಳ್ಳು ಎಂದು ನಿಮ್ಮ ಕಚೇರಿ ತೀರ್ಮಾನ ಮಾಡಿದೆ. ಆ ತೀರ್ಮಾನದಂತೆ ಇದೇ ಮೇ ಇಪ್ಪತ್ತೆಂಟಕ್ಕೆ ಹೊಸನಗರದ ಬಸ್ ಸ್ಟ್ಯಾಂಡ್ ಎದುರಿನ ನನ್ನ ಕೊಡೆ ಅಂಗಡಿಯ ಸಾಮಾನು ಜಪ್ತಿಯಾಗುತ್ತದೆ. ಜೂನ್ ಮೊದಲ ವಾರ ಮಳೆ ಹಿಡಿಯುತ್ತದೆ. ಕೊಡೆಯವನನ್ನು ಮಳೆಗೆ ಎಂಟು ದಿನ ಮುಂಚೆ ಜಪ್ತಿ ಮಾಡಿದರೆ ಅವನು ವರ್ಷವಿಡೀ ಏನು ತಿನ್ನಬೇಕು ಎಂಬುದನ್ನು ನೋಟೀಸಿನಲ್ಲಿ ಬರೆದಿಲ್ಲ. ನಿಮಗೇ ನೇರವಾಗಿ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಆದ್ದರಿಂದ ಇದನ್ನು ಪತ್ರಿಕೆಯವರ ಕೈಗೆ ಕೊಟ್ಟಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಹೋದ ವರ್ಷ ಮೇ ತಿಂಗಳಲ್ಲಿ ನನ್ನ ಅಂಗಡಿಗೆ ಒಬ್ಬರು ಬಂದರು. ಇಸ್ತ್ರಿ ಮಾಡಿದ ಅಂಗಿ, ಬಗಲಲ್ಲಿ ಕಂದು ಬಣ್ಣದ ಫೈಲು, ಜೇಬಿನಲ್ಲಿ ಎರಡು ಪೆನ್ನು. ತಮ್ಮ ಹೆಸರು ಹೇರಂಬ ಎಂದೂ, ತೆರಿಗೆ ಇನ್ಸ್‌ಪೆಕ್ಟರ್ ಎಂದೂ ಹೇಳಿದರು. ನನ್ನ ಹೆಂಡತಿ ರಂಗಮ್ಮ ಬೆಲ್ಲ, ನೀರು ತಂದಿಟ್ಟಳು. ನಮ್ಮ ಕಡೆಯ ಪದ್ಧತಿ ನಿಮಗೂ ಗೊತ್ತಿರಬೇಕು. ಬಂದವರಿಗೆ ಮೊದಲು ಬೆಲ್ಲ ನೀರು, ಮಾತು ಆಮೇಲೆ. ಅವರು ಒಂದು ತುಂಡು ಬೆಲ್ಲ ಬಾಯಿಗೆ ಹಾಕಿಕೊಂಡು, ಚೊಂಬೆತ್ತಿ ನೀರು ಕುಡಿದರು. ನಮ್ಮ ನೀರು ಕುಡಿದವರನ್ನು ಇನ್ನು ಯಾವ ಬಾಯಲ್ಲಿ ‘ನೀವು ಯಾರು, ಗುರುತಿನ ಚೀಟಿ ತೋರಿಸಿ’ ಎಂದು ಕೇಳುವುದು? ಕೇಳಲಿಲ್ಲ. ಮೋಸ ಹೋಗುವವರ ಪಟ್ಟಿಯಲ್ಲಿ ಮಲೆನಾಡಿನವರ ಹೆಸರು ಮೊದಲು ಬರುವುದು ಇದೇ ಕಾರಣಕ್ಕೆ ಇರಬೇಕು.

ಹೇರಂಬ ಅವರು ಬಹಳ ಸಭ್ಯಸ್ಥರು. ಸ್ಟೂಲು ಕೊಟ್ಟರೆ ಕೂತರು, ‘ನಿಮ್ಮ ಕೆಲಸಕ್ಕೆ ಅಡ್ಡಿಯಾಯಿತೇನೋ’ ಎಂದರು. ವರ್ಷದ ವಹಿವಾಟು ಎಷ್ಟು ಎಂದು ಕೇಳಿದರು. ಇದ್ದದ್ದು ಇದ್ದಂತೆ ಒಂಬತ್ತು ಸಾವಿರ ಎಂದೆ. ಅವರು ಅಯ್ಯೋ ಪಾಪ ಎನ್ನುವಂತೆ ನನ್ನ ಮುಖ ನೋಡಿದರು.

‘ಒಂಬತ್ತು ಸಾವಿರ ಅಂತ ಬರೆದ್ರೆ ತೆರಿಗೆ ಬರೋದೇ ಇಲ್ಲ. ತೆರಿಗೆ ಕಟ್ದೇ ಇದ್ರೆ ರಸೀದಿ ಇಲ್ಲ. ರಸೀದಿ ಇಲ್ದೇ ಇದ್ರೆ ಬ್ಯಾಂಕಿನವರು ನಿಮ್ಮನ್ನ ವ್ಯಾಪಾರಿ ಅಂತ ಒಪ್ಪೋದಿಲ್ಲ ಕೆರಿಯಪ್ಪನವರೇ. ನಲವತ್ತೆರಡು ಸಾವಿರ ಅಂತ ಬರೆಯೋಣ. ಸಣ್ಣ ವ್ಯಾಪಾರಿಗಳಿಗೆ ಅರ್ಧ ಪರ್ಸೆಂಟು ಸಾಕು. ಇನ್ನೂರ ಹತ್ತು ರೂಪಾಯಿ ಕಟ್ಟಿ, ಹೊಸ ಹೊಲಿಗೆ ಮಿಷನ್ನಿಗೆ ಸಾಲ ತಗೊಳ್ಳಿ.’

ಇಲ್ಲಿ ನನ್ನದೂ ತಪ್ಪಿದೆ, ಮುಚ್ಚಿಡುವುದಿಲ್ಲ. ಹೊಸ ಮಿಷನ್ನಿನ ಮೇಲೆ ನನಗೆ ಬಹಳ ದಿನದಿಂದ ಕಣ್ಣಿತ್ತು. ಅದಕ್ಕಿಂತ ಹೆಚ್ಚಾಗಿ, ಆವರೆಗೆ ನನ್ನನ್ನು ಯಾರೂ ‘ಕೆರಿಯಪ್ಪನವರೇ’ ಎಂದು ಕರೆದಿರಲಿಲ್ಲ, ನಲವತ್ತೆರಡು ಸಾವಿರದ ಕುಳ ಎಂದು ಯಾರೂ ತಿಳಿದಿರಲಿಲ್ಲ. ಎದೆ ಸ್ವಲ್ಪ ಉಬ್ಬಿತು. ರಂಗಮ್ಮ ಬಾಗಿಲಲ್ಲೇ ನಿಂತು, ‘ಅಲ್ಲ, ಇಲ್ದೇ ಇರೋ ಯಾಪಾರಕ್ಕೆ ಎಂತಕ್ಕೆ ದುಡ್ಡು ಕೊಡೂದು?’ ಎಂದಳು. ‘ನಿಂಗೆ ಇವೆಲ್ಲ ಗೊತ್ತಾಗೂದಿಲ್ಲ, ಸುಮ್ನಿರು’ ಎಂದೆ. ಅವಳು ಚೊಂಬೆತ್ತಿಕೊಂಡು ಒಳಗೆ ಹೋದಳು. ಆ ಮಾತನ್ನು ಮಾತ್ರ ಈ ಒಂದು ವರ್ಷದಲ್ಲಿ ದಿನಕ್ಕೊಂದು ಸಲವಾದರೂ ನನಗೆ ನೆನಪು ಮಾಡಿಕೊಟ್ಟಿದ್ದಾಳೆ. ಹೀಗೆ ನಾನು ಇಲ್ಲದ ವ್ಯಾಪಾರಕ್ಕೆ ತೆರಿಗೆ ಕಟ್ಟಿದೆ. ಇರುವ ವ್ಯಾಪಾರಕ್ಕೇ ಕಟ್ಟದವರ ನಡುವೆ ನನ್ನಂಥ ಪ್ರಜೆ ನಿಮಗೆ ಎಲ್ಲಿ ಸಿಗುತ್ತಾನೆ?

ರಸೀದಿ ಚೆನ್ನಾಗಿತ್ತು. ಗುಲಾಬಿ ಬಣ್ಣದ ಕಾಗದ, ದುಂಡನೆಯ ಸೀಲು. ಮೇಲಿನ ಅರ್ಧದಲ್ಲಿ ವಹಿವಾಟು ನಲವತ್ತೆರಡು ಸಾವಿರ ಎಂದು ಬರೆದು ನನ್ನ ಸಹಿ, ಕೆಳಗಿನ ಅರ್ಧದಲ್ಲಿ ಇನ್ನೂರ ಹತ್ತು ಸಂದಾಯ ಎಂದು ಬರೆದು ಅವರ ಸಹಿ. ಅದನ್ನು ನಾನು ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಯಾಕೆ ಅಷ್ಟು ಜೋಪಾನ ಎಂದು ನೀವು ಕೇಳಬಹುದು. ನಾವು ಸಾಗರ ತಾಲ್ಲೂಕಿನಿಂದ ಎದ್ದು ಬಂದವರು. ಲಿಂಗನಮಕ್ಕಿ ಅಣೆಕಟ್ಟಿಗೆ ನೀರು ನಿಲ್ಲಿಸಿದಾಗ ನಮ್ಮ ಊರು ಮುಳುಗಿತು. ಮನೆ ಹಿಂದಿನ ಹದಿನಾಲ್ಕು ಹಲಸಿನ ಮರಗಳ ಪರಿಹಾರಕ್ಕೆಂದು ಕೊಟ್ಟಿದ್ದ ಚೀಟಿಯನ್ನು ಅಪ್ಪ ಅಂಗಿಯ ಜೇಬಿನಲ್ಲಿಟ್ಟು ಮರೆತರು. ಅಂಗಿ ಒಗೆಯಲು ಹೋಯಿತು, ಚೀಟಿ ಮುದ್ದೆಯಾಗಿ ಬಂತು. ಮರ ಇತ್ತು ಎಂದು ತೋರಿಸಲು ಚೀಟಿ ಇಲ್ಲ, ಮರವನ್ನೇ ತೋರಿಸೋಣವೆಂದರೆ ಅದು ನೀರಿನಡಿ. ‘ಕಾಗ್ದ ಒಂದು ಕೈ ಬಿಡ್ಬೇಡ ಮಗಾ’ ಎಂದು ಅಪ್ಪ ಸಾಯುವವರೆಗೂ ಹೇಳುತ್ತಿದ್ದರು. ನಮ್ಮಂತೆ ಎದ್ದು ಬಂದವರ ಮನೆಗಳಲ್ಲಿ ಇವತ್ತಿಗೂ ಸಿಡುಬಿನ ಚುಚ್ಚುಮದ್ದಿನ ಚೀಟಿಯಿಂದ ಹಿಡಿದು ಬಸ್ಸಿನ ಟಿಕೇಟಿನವರೆಗೆ ಎಲ್ಲವೂ ಟ್ರಂಕಿನಲ್ಲಿ ಸಿಗುತ್ತದೆ. ಆ ಗುಲಾಬಿ ರಸೀದಿ ಕೈಗೆ ಬಂದಾಗ ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎನ್ನಿಸಿ ನನ್ನ ಕಣ್ಣು ತುಂಬಿದ್ದು ನಿಜ. ನಗುವುದಿದ್ದರೆ ನಗಿ.

ಬ್ಯಾಂಕಿನವರು ಸಾಲವನ್ನೇನೂ ಕೊಡಲಿಲ್ಲ, ಅದು ಬೇರೆ ಮಾತು. ಈ ವರ್ಷ ಏಪ್ರಿಲ್ ಕಳೆಯುತ್ತ ಬಂದರೂ ಹೇರಂಬ ಅವರ ಸುಳಿವಿಲ್ಲ. ಕಾಯಿಲೆಯೋ ಏನೋ ಎಂದು ನನಗೆ ಚಿಂತೆಯಾಯಿತು. ಕಡೆಗೆ ನಾನೇ ರಸೀದಿಯನ್ನೂ ಇನ್ನೂರ ಹತ್ತು ರೂಪಾಯಿಯನ್ನೂ ಹಿಡಿದುಕೊಂಡು, ಬೆಳಗಿನ ಬಸ್ಸಿಗೆ ಹತ್ತಿ ನಿಮ್ಮ ಕಚೇರಿಗೆ ಬಂದೆ. ಯಾರೂ ಕರೆಯದೆ, ಯಾರೂ ಬೆದರಿಸದೆ ತೆರಿಗೆ ಕಟ್ಟಲು ಬಂದವನನ್ನು ನಿಮ್ಮ ಗುಮಾಸ್ತರು ಅದುವರೆಗೆ ಕಂಡಿರಲಿಲ್ಲ ಎಂದು ಕಾಣುತ್ತದೆ, ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಆಮೇಲೆ ರಸೀದಿ ನೋಡಿದರು.

‘ಇದು ನಮ್ಮ ರಸೀದಿ ಅಲ್ಲ ಕಣ್ರಿ. ಹೇರಂಬ ಅನ್ನೋರು ನಮ್ಮಲ್ಲಿ ಯಾರೂ ಇಲ್ಲ. ನಿಮಗೆ ಯಾರೋ ಸರಿಯಾಗಿ ಟೋಪಿ ಹಾಕಿದ್ದಾರೆ.’

ನಾನು ಹಣೆ ಚಚ್ಚಿಕೊಂಡೆ. ಬೆಂಚಿನಲ್ಲಿದ್ದ ನಾಲ್ಕು ಜನ ನಕ್ಕರು. ನಾನು ರಸೀದಿಗೆ ಕೈ ಚಾಚಿದಾಗ ಗುಮಾಸ್ತರು ಅದನ್ನು ತಮ್ಮ ಕಡೆಗೆ ಎಳೆದುಕೊಂಡರು.

‘ನಿಲ್ಲಿ. ವಹಿವಾಟು ನಲವತ್ತೆರಡು ಸಾವಿರ ಅಂತ ಇದೆಯಲ್ಲ, ಈ ಸಹಿ ನಿಮ್ಮದೇ ತಾನೆ?’

ನನ್ನದೇ ಎಂದೆ. ಸತ್ಯ ಹೇಳಿದ್ದಕ್ಕೆ ಒಂದು ವಾರದಲ್ಲಿ ನೋಟೀಸು ಬಂತು. ನೂರಕ್ಕೆ ನಾಲ್ಕರಂತೆ ತೆರಿಗೆ ಸಾವಿರದ ಆರುನೂರ ಎಂಬತ್ತು, ದಂಡ ಎಂಟುನೂರ ನಲವತ್ತು, ಒಟ್ಟು ಎರಡು ಸಾವಿರದ ಐನೂರ ಇಪ್ಪತ್ತು. ಕಟ್ಟದಿದ್ದರೆ ಜಪ್ತಿ.

ಮಾನ್ಯರೇ, ಈಗ ಸ್ವಲ್ಪ ವಿಚಾರ ಮಾಡಿ. ನಾನು ದುಡ್ಡು ಕಟ್ಟಿದ್ದೇನೆ ಎಂದು ರಸೀದಿ ಹೇಳಿದರೆ ಅದು ಸುಳ್ಳು ಕಾಗದ. ಅದೇ ರಸೀದಿ, ನಾನು ದುಡಿದಿದ್ದೇನೆ ಎಂದು ಹೇಳಿದರೆ ಅದು ಸರ್ಕಾರಿ ದಾಖಲೆ. ಒಬ್ಬ ಕಳ್ಳನ ಮಾತನ್ನು ಅರ್ಧ ಮಾತ್ರ ನಂಬುವುದು ಯಾವ ಕಾನೂನು? ಹೇರಂಬ ಅವರು ನಿಮ್ಮವರಲ್ಲ ಎನ್ನುತ್ತೀರಿ, ಆದರೆ ಅವರು ಬರೆದ ಲೆಕ್ಕ ಮಾತ್ರ ನಿಮ್ಮದು. ಸಂಬಳವಿಲ್ಲದೆ, ಭತ್ಯೆಯಿಲ್ಲದೆ ನಿಮಗಾಗಿ ಇಷ್ಟು ದುಡಿದವರನ್ನು ನೀವು ಕೆಲಸಕ್ಕೇ ಸೇರಿಸಿಕೊಳ್ಳಬಹುದಿತ್ತು. ಅವರನ್ನು ಹುಡುಕಲು ನಿಮ್ಮ ಕಚೇರಿಯಿಂದ ಯಾರೂ ಹೊರಡಲಿಲ್ಲ. ನನ್ನನ್ನು ಹುಡುಕುವುದು ಸುಲಭ, ಬಸ್ ಇಳಿದರೆ ಎದುರಿಗೇ ಇದ್ದೇನೆ.

ಅಷ್ಟಕ್ಕೇ ಮುಗಿಯಲಿಲ್ಲ. ಇದೇ ಮೇ ಹನ್ನೊಂದಕ್ಕೆ ನಿಮ್ಮ ನಿಜವಾದ ಇನ್ಸ್‌ಪೆಕ್ಟರರು ಸಾಮಾನು ಪಟ್ಟಿ ಮಾಡಲು ಬಂದರು. ರಂಗಮ್ಮ ಈ ಸಲ ಬಾಗಿಲಿಗೆ ಅಡ್ಡ ನಿಂತಳು. ‘ಮೊದ್ಲು ಕಾರ್ಡು ತೋರ್ಸಿ ಸ್ವಾಮಿ, ಬೆಲ್ಲ ನೀರು ಆಮೇಲೆ.’ ಅವರಿಗೆ ಕೆಂಡದಂಥ ಸಿಟ್ಟು ಬಂತು. ಕಾರ್ಡು ಇರಲಿಲ್ಲ. ಸಭ್ಯತೆ, ಕಾರ್ಡು ಎರಡೂ ಇಲ್ಲದ್ದು ನೋಡಿ ಇವರು ನಿಜವಾದವರೇ ಎಂದು ನಮಗೆ ಖಾತ್ರಿಯಾಗಿ ಒಳಗೆ ಬಿಟ್ಟೆವು.

ಅವರು ಕೊಡೆಗಳನ್ನು ಎಣಿಸಿದರು. ಅರವತ್ತೊಂದು. ‘ನೋಡಿ, ನಲವತ್ತೆರಡು ಸಾವಿರ ಸುಮ್ನೆ ಬರುತ್ತಾ?’ ಎಂದರು. ಮೇ ತಿಂಗಳಲ್ಲಿ ಕೊಡೆ ಅಂಗಡಿಗೆ ಬಂದು ಎಣಿಸಿದರೆ ಇನ್ನೇನಾಗುತ್ತದೆ? ಅವುಗಳಲ್ಲಿ ನನ್ನವು ಹದಿನೆಂಟು. ಉಳಿದ ನಲವತ್ತಮೂರು ಊರಿನವರು ಮಳೆಗೆ ಮುಂಚೆ ರಿಪೇರಿಗೆಂದು ಕೊಟ್ಟವು. ತೀರ್ಥಹಳ್ಳಿ ಕಡೆಯಿಂದಲೂ, ಅತ್ತ ಮೇಗರವಳ್ಳಿಯಿಂದಲೂ ಬಸ್ ಕಂಡಕ್ಟರರ ಕೈಯಲ್ಲಿ ಕಳಿಸುತ್ತಾರೆ. ಕಡ್ಡಿ ಮುರಿದದ್ದು, ಬಟ್ಟೆ ಹರಿದದ್ದು, ಇಲಿ ಕಡಿದದ್ದು, ಎಲ್ಲದಕ್ಕೂ ಹೆಸರಿನ ಚೀಟಿ ಕಟ್ಟಿದ್ದೆ. ಅವರು ಆ ಚೀಟಿಗಳ ಪಕ್ಕಕ್ಕೆ ನಂಬರಿನ ಚೀಟಿ ಕಟ್ಟಿದರು. ಇಪ್ಪತ್ತೆಂಟರವರೆಗೆ ಅರವತ್ತೊಂದು ಕೊಡೆ, ಒಂದು ಹೊಲಿಗೆ ಮಿಷನ್ನು, ಇವುಗಳಲ್ಲಿ ಒಂದನ್ನೂ ಮಾರುವುದಿಲ್ಲ, ಯಾರಿಗೂ ಕೊಡುವುದಿಲ್ಲ, ಕಡಿಮೆಯಾದರೆ ಶಿಕ್ಷೆಗೆ ಬದ್ಧ ಎಂದು ನನ್ನಿಂದ ಸಹಿ ಮಾಡಿಸಿಕೊಂಡರು.

ಈಗ ದಿನಾ ಗಿರಾಕಿಗಳ ಬಾಯಿಗೆ ಉತ್ತರ ಕೊಡಬೇಕಾಗಿದೆ. ಗದ್ದೆ ಕೆಲಸದ ಸೀತಾರಾಮಪ್ಪ ನಿನ್ನೆ ಬಂದವನು, ‘ಅಲ್ಲ ಮಾರಾಯ, ನನ್ ಕೊಡೆ ಮೇಲೆ ಎಂತ ಕೇಸು? ಅದು ಎಲ್ಲಿಗೂ ಹೋಗಿಲ್ಲ, ಎಂತ ಮಾಡೂ ಇಲ್ಲ’ ಎಂದು ಜಗಳಕ್ಕೇ ನಿಂತ. ಅವನಿಗೆ ನಾನು ಏನು ಹೇಳಲಿ?

ಆದ್ದರಿಂದ ನನ್ನ ಬೇಡಿಕೆಗಳನ್ನು ಕೇಳಿ. ಆ ರಸೀದಿಯನ್ನು ಪೂರ್ತಿ ನಂಬಿ, ಇಲ್ಲವೇ ಪೂರ್ತಿ ಬಿಡಿ. ನಂಬುವುದಾದರೆ ತೆರಿಗೆ ಸಂದಾಯವಾಗಿದೆ, ಬಿಡುವುದಾದರೆ ನಲವತ್ತೆರಡು ಸಾವಿರವೂ ಹೋಯಿತು. ನಿಮ್ಮ ಇನ್ಸ್‌ಪೆಕ್ಟರುಗಳಿಗೆ ಫೋಟೋ ಇರುವ ಕಾರ್ಡು ಕೊಡಿ, ಅವರ ಫೋಟೋಗಳನ್ನು ಬಸ್ ಸ್ಟ್ಯಾಂಡಿನಲ್ಲಿ ಹಾಕಿ. ಎಷ್ಟು ವ್ಯಾಪಾರವಾದರೆ ಎಷ್ಟು ತೆರಿಗೆ ಎಂಬುದನ್ನು ನಮಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಬೋರ್ಡು ಬರೆಸಿ. ಆ ಒಂದು ಬೋರ್ಡು ಇದ್ದಿದ್ದರೆ ಹೇರಂಬ ಅವರ ಆಟ ನಡೆಯುತ್ತಿರಲಿಲ್ಲ. ನಮಗೆ ತೆರಿಗೆಯ ವಿಷಯ ತಿಳಿಸಿ ಹೇಳಿದವರು ಇದುವರೆಗೆ ಅವರೊಬ್ಬರೇ.

ಕೊನೆಯದಾಗಿ ಒಂದು ವಿಷಯ, ಇದೇ ಎಲ್ಲಕ್ಕಿಂತ ಜರೂರು. ಪಟ್ಟಿ ಮುಗಿಸಿ ನಿಮ್ಮ ಇನ್ಸ್‌ಪೆಕ್ಟರರು ಏಳುವ ಹೊತ್ತಿಗೆ ಗುಡುಗಿ ಮಳೆ ಬಂತು. ಬಸ್ಸು ಹೊರಡುವುದರಲ್ಲಿತ್ತು. ಅವರು ಕೈಗೆ ಸಿಕ್ಕಿದ ಒಂದು ಕೊಡೆ ಬಿಚ್ಚಿದರು. ‘ರಸೀದಿ ಕೊಟ್ಟು ತಗೊಂಡ್ಹೋಗಿ ಸ್ವಾಮಿ’ ಎಂದಳು ರಂಗಮ್ಮ. ‘ಒಂದು ಕೊಡೆಗೆಂಥ ರಸೀದಿ, ನಾಳೆ ಕಳಿಸ್ತೀನಿ’ ಎಂದು ನಕ್ಕು ರಸ್ತೆ ದಾಟಿ ಹೋದರು. ನಾಲ್ಕು ದಿನವಾಯಿತು. ಅದು ಪಟ್ಟಿಯ ಐವತ್ತೊಂಬತ್ತನೇ ನಂಬರಿನ ಕೊಡೆ, ಬೆತ್ತದ ಹಿಡಿಯದು. ಸೂಲಗಿತ್ತಿ ವೆಂಕಮ್ಮನದು. ಮಳೆಗಾಲದಲ್ಲಿ ಹೆರಿಗೆಗೆ ಕರೆ ಬಂದರೆ ಹೊಳೆ ದಾಟಿ ಹೋಗುವವಳು ಅವಳು. ನಮ್ಮ ಮೂರು ಮಕ್ಕಳೂ ಅವಳ ಕೈಯಲ್ಲೇ ಹುಟ್ಟಿದ್ದು. ಇಪ್ಪತ್ತೆಂಟಕ್ಕೆ ನೀವು ಬಂದು ಎಣಿಸುವಾಗ ಅರವತ್ತು ಸಿಗುತ್ತದೆ, ಶಿಕ್ಷೆಗೆ ಬದ್ಧ ಎಂದು ಸಹಿ ಮಾಡಿದವನು ನಾನು. ದಯವಿಟ್ಟು ಅಷ್ಟರೊಳಗೆ ಆ ಕೊಡೆ ಕಳಿಸಿಕೊಡಿ. ತಂದವರಿಗೆ ಬೆಲ್ಲ ನೀರು ಕೊಡುತ್ತೇವೆ. ಕೊಡೆ ತಲುಪಿದ್ದಕ್ಕೆ ನನ್ನ ಹೆಂಡತಿ ರಸೀದಿಯನ್ನೂ ಕೊಡುತ್ತಾಳೆ.

ಇಂತಿ,
ಇಲ್ಲದ ವ್ಯಾಪಾರಕ್ಕೆ ಒಂದು ಸಲ ತೆರಿಗೆ ಕಟ್ಟಿ, ಇನ್ನೊಂದು ಸಲ ಕಟ್ಟಲು ತಾನೇ ಬಸ್ ಹತ್ತಿ ಬಂದ,
ಕೆರಿಯಪ್ಪ
ಕೊಡೆ ಮಾರಾಟ ಮತ್ತು ರಿಪೇರಿ (ಸದ್ಯಕ್ಕೆ ಎರಡೂ ಇಲ್ಲ)
ಹೊಸನಗರ, ೧೫ ಮೇ ೧೯೭೯