ಬೆಳಗಾವಿಯಿಂದ ತಂದ ವಾಲ್ವ್

ಹುಕ್ಕೇರಿ
ತಾ. ೧೪-೪-೧೯೫೮

ಚಿರಂಜೀವಿ ಅಕ್ಕವ್ವಳಿಗೆ,

ನಿನ್ನ ಅವ್ವನ ಆಶೀರ್ವಾದ. ಹೆಸರಿನ ಮುಂದೆ ಸೌಭಾಗ್ಯವತಿ ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನಾನು ಕ್ಷೇಮವಾಗಿಲ್ಲ, ಅದಕ್ಕೇ ಬರೆಯುವುದಿಲ್ಲ. ನಿನ್ನ ಪತ್ರ ಬಂತು. ಅವ್ವಾ, ಸಿಟ್ಟು ಬಿಡು ಎಂದು ಬರೆದಿದ್ದೀ. ಬಿಡಲು ಅದೇನು ದನವೇ, ಹಗ್ಗ ಬಿಚ್ಚಿ ಅಟ್ಟಲಿಕ್ಕೆ?

ದುರ್ಗಪ್ಪನನ್ನು ಮದುವೆಯಾದದ್ದಕ್ಕೆ ಸಿಟ್ಟು ಎಂದು ನೀನು ತಿಳಿದಿದ್ದೀ. ಅದೂ ಇದೆ, ಸುಳ್ಳೇಕೆ ಹೇಳಲಿ. ಯಾವ ಕೇರಿಯ ಹುಡುಗ ಎಂದು ಗೊತ್ತಾದಾಗ ಎದೆ ಎದೆ ಬಡಿದುಕೊಂಡೆ. ಸಾಲಿ ಮಾಸ್ತರ, ಗುಣವಂತ ಎಂದು ನಿಮ್ಮಪ್ಪ ಹೇಳಿದರು. ಇರಬಹುದು. ಆದರೆ ನನ್ನ ಹೊಟ್ಟೆ ಉರಿಯುವುದು ಆ ಹಾಳು ವಾಲ್ವಿಗೆ.

ಊರು ಬಿಟ್ಟು ಹೋಗುತ್ತಿದ್ದ ಸಾಹೇಬನಿಂದ ನಿಮ್ಮಪ್ಪ ಕೊಂಡ ಷೆವರ್ಲೆ ಕಾರು ಏರು ಕಂಡರೆ ಏದುಸಿರು ಬಿಡುತ್ತಿತ್ತು. ರಾಯಬಾಗದಿಂದ ನಿನ್ನನ್ನು ನೋಡಲು ಗಂಡಿನವರು ಬರುತ್ತಾರೆ, ಘಟಪ್ರಭಾ ಸ್ಟೇಷನ್ನಿಗೆ ನಮ್ಮದೇ ಗಾಡಿ ಹೋಗಬೇಕು ಎಂದು ಹಟ ಹಿಡಿದವಳು ನಾನೇ. ನಿಮ್ಮಪ್ಪ ಎಂಜಿನ್ನಿನ ಹೆಡ್ಡು ಬಿಚ್ಚಿ ತಂದು ಪಡಸಾಲೆಯಲ್ಲಿ ಗೋಣಿಚೀಲದ ಮೇಲೆ ಇಟ್ಟರು. ಅದರೊಳಗೆ ಬಿರಡೆಯಂತೆ ಕೂರುವ ಒಂದು ವಾಲ್ವಿನ ಅಂಚು ಸುಟ್ಟು ಸವೆದುಹೋಗಿತ್ತು. ಹೊಸದು ತರಲು ನೀವಿಬ್ಬರೂ ಬೆಳಗಾವಿಗೆ ಹೊರಟಾಗ, ಹುಡುಗಿಗೆ ಒಂದು ಸೀರೆಯನ್ನೂ ಕೊಡಿಸಿರಿ ಎಂದು ಹೇಳಿ ಕಳಿಸಿದವಳೂ ನಾನೇ.

ಹೊಸದು ತಂದು ಹಾಕಿದ ಕೂಡಲೇ ಆಗುವುದಿಲ್ಲವಂತೆ. ಅದು ಕೂರುವ ಜಾಗಕ್ಕೆ ಉಜ್ಜುವ ಪೇಸ್ಟು ಹಚ್ಚಿ, ಕೋಲಿನ ತುದಿಗೆ ವಾಲ್ವ್ ಕಚ್ಚಿಸಿ, ಎರಡು ಅಂಗೈ ನಡುವೆ ತಿರುವಿ ತಿರುವಿ ಉಜ್ಜಬೇಕು. ಇಲ್ಲದಿದ್ದರೆ ಸಂದಿಯಲ್ಲಿ ಸೋರುತ್ತದೆ. ನಿನ್ನ ಅಂಗೈಗೆ ಬೊಬ್ಬೆ ಬಂತು. ಆಗ ನೀನೇ ಅಂದೆ, "ಅಪ್ಪಾ, ದಿನಾ ಮಜ್ಜಿಗಿ ಕಡಿಯೂ ಕೈ ಅವ್ವಂದು. ಅವ್ವನೇ ಉಜ್ಜಲಿ." ನಾನು ಉಬ್ಬಿಹೋದೆ. ಓಣಿಯ ಲಕ್ಕವ್ವನ ಮನೆಗೆ ಹೋಗಿ, ಗಾಡಿ ರಿಪೇರಿ ನನ್ನ ಕೈಯಲ್ಲೇ ಇದೆ ಎಂದು ಜಂಬ ಕೊಚ್ಚಿಕೊಂಡು ಬಂದೆ.

ಎಷ್ಟು ಉಜ್ಜಿದರೂ ನಿಮ್ಮಪ್ಪನಿಗೆ ಸಾಲದು. ಚಿಮಣಿ ಎಣ್ಣೆ ಸುರಿದು, ಬಗ್ಗಿ ನೋಡಿ, "ಇನ್ನೂ ಸೋರಾಕತ್ತೇತಿ ಕಾಶಿ, ಉಜ್ಜ" ಅನ್ನುತ್ತಿದ್ದರು. ನನ್ನ ಕಣ್ಣಿಗೆ ಒಂದು ಹನಿಯೂ ಕಾಣುತ್ತಿರಲಿಲ್ಲ. ಅವರಿಗೆ ಕಾಣುತ್ತದೆ ಎಂದು ನಂಬಿದೆ. ಗಾಡಿ ರಿಪೇರಿ ಆಗಲಿ ಎಂದು ರಾಯಬಾಗದವರಿಗೂ ದಿನ ಮುಂದೆ ಹಾಕಿಸಿದೆ. ನೀನು ಎದುರಿಗೆ ಕೂತು ನನಗೆ ಗಾಳಿ ಬೀಸುತ್ತಿದ್ದೆ. ಕಡೆಗೊಂದು ದಿನ ನಿಮ್ಮಪ್ಪ, "ಇನ್ನ ಈ ಗಾಡಿ ವಂಟಮೂರಿ ಘಾಟ ಸಹಿತ ಹತ್ತತೈತಿ" ಅಂದರು. ಆ ಘಾಟ ಇರುವುದು ಬೆಳಗಾವಿ ದಾರಿಯಲ್ಲಿ, ನಾವು ಹೋಗಬೇಕಾದದ್ದು ಘಟಪ್ರಭಾಕ್ಕೆ ಎಂದು ನನ್ನ ದಡ್ಡ ತಲೆಗೆ ಹೊಳೆಯಲೇ ಇಲ್ಲ.

ಗಂಡಿನವರು ಬರುವ ದಿನ ನಿನಗೆ ಸೀರೆ ಉಡಿಸಿದವಳು ನಾನು. ನನ್ನ ಮುಖ ನೋಡಿಕೊಂಡೇ "ಅವ್ವಾ, ಅಪ್ಪನ ಕೂಡ ಗುಡಿಗೆ ಹೋಗಿ ಕೈ ಮುಗದ ಬರತೇನಿ" ಅಂದೆ. ರಾಯಬಾಗದವರು ಸ್ಟೇಷನ್ನಿನಲ್ಲಿ ಕಾದು ಕಾದು, ಬಸ್ಸು ಹಿಡಿದು ಬಂದರು. ಬೆವರು ಒರೆಸಿಕೊಳ್ಳುತ್ತ "ಹುಡುಗಿ ಎಲ್ಲೆದಾಳ್ರೀ?" ಎಂದು ಕೇಳಿದರು. ಈಗ ಬರುತ್ತಾಳೆ, ಈಗ ಬರುತ್ತಾಳೆ ಎಂದು ನಾನು ಬಾಗಿಲಿಗೂ ಒಲೆಗೂ ತಿರುಗಿದೆ. ಅವರಿಗೆಂದು ಮಾಡಿದ್ದ ಸಿಹಿ ಸಜ್ಜಕ ಆರಿ ಗಟ್ಟಿಯಾಯಿತು. ಅವರಲ್ಲಿಯ ಹಿರಿಯಾಕೆಯೊಬ್ಬಳು ಎದ್ದು ನಿಂತು, "ಮಗಳು ಎಲ್ಲಿ ಹೋಗ್ಯಾಳ ಅನ್ನೂದು ಹಡದಾಕಿಗೆ ಗೊತ್ತಿಲ್ಲಂದ್ರ ಹೆಂಗ್ರಿ?" ಅಂದಳು. ಅಯ್ಯೋ, ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅವರು ನೀರು ಸಹ ಮುಟ್ಟದೆ ಹೋದರು.

ಸಂಜೆಗೆ ನಿಮ್ಮಪ್ಪ ಒಬ್ಬರೇ ಗಾಡಿ ತಂದು ನಿಲ್ಲಿಸಿದರು. ಆಗ ತಿಳಿಯಿತು, ನೀವು ಹೋದದ್ದು ಗುಡಿಗಲ್ಲ, ಬೆಳಗಾವಿಗೆ, ನಿನ್ನ ಮದುವೆ ಮುಗಿಸಲಿಕ್ಕೆ. ವಾಲ್ವ್ ತರಲು ಹೋದ ದಿನವೇ ನೀವು ರಜಿಸ್ಟ್ರಾರ ಕಚೇರಿಗೆ ಹೋಗಿ ಮದುವೆಯ ಅರ್ಜಿ ಕೊಟ್ಟು ಬಂದಿದ್ದಿರಿ. ಕೊಟ್ಟ ಮೇಲೆ ಒಂದು ತಿಂಗಳು ಕಾಯಬೇಕು ಎಂಬುದು ಸರಕಾರದ ಕಾಯದೆಯಂತೆ. ಆ ತಿಂಗಳು ಕಳೆಯಲಿಕ್ಕೆ ನನ್ನನ್ನು ಉಜ್ಜಲು ಕೂರಿಸಿದಿರಿ. ವಾಲ್ವ್ ಮೊದಲ ವಾರದಲ್ಲೇ ಸರಿಯಾಗಿ ಕೂತಿತ್ತು ಎಂದು ಅವರೇ ಒಪ್ಪಿಕೊಂಡರು.

"ಶರಣರ ಕಾಲದಾಗ ಇಂಥಾ ಮದುವಿ ಆಗ್ಯಾವ" ಅಂದರು. "ಶರಣರು ಹೇಣ್ತಿ ಕೈಲೆ ಗಾಡಿ ರಿಪೇರಿ ಮಾಡಿಸಿಕೊಂಡು ಕದ್ದು ಹೋಗಿದ್ರೇನ್ರಿ?" ಎಂದು ಕೇಳಿದೆ. ಅದಕ್ಕೆ, "ನಿನಗ ಹೇಳಿದ್ರ ನೀ ಬಿಡತಿದ್ದೇನ?" ಅಂದರು.

ಬಿಡುತ್ತಿರಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತಿದ್ದೆ, ಅನ್ನ ನೀರು ಬಿಡುತ್ತಿದ್ದೆ, ಗಾಡಿಗೆ ಅಡ್ಡ ಮಲಗುತ್ತಿದ್ದೆ. ಅಷ್ಟೆಲ್ಲ ಆದ ಮೇಲೆ ಏನು ಮಾಡುತ್ತಿದ್ದೆನೋ, ಅದು ನನಗೂ ಗೊತ್ತಿಲ್ಲ ಮಗಳೇ. ಗೊತ್ತಾಗಲು ನೀವು ಬಿಡಲೇ ಇಲ್ಲ. ನನ್ನ ಕೈ ನಿಮಗೆ ಬೇಕಾಯಿತು, ನಾನು ಬೇಡವಾದೆ. ಈಗಲೂ ಮಜ್ಜಿಗೆ ಕಡಿಯಲು ಕೂತರೆ ಅಳು ಬರುತ್ತದೆ.

ಉತ್ತರ ಬರೆಯುವುದಾದರೆ ಕ್ಷಮಿಸು ಗಿಮಿಸು ಎಂದು ಬರೆಯಬೇಡ. ನಾನು ಉಜ್ಜುವಾಗ ಎದುರಿಗೆ ಕೂತಿದ್ದೆಯಲ್ಲ, ಅವ್ವನಿಗೆ ಹೇಳಿಬಿಡಲೇ ಎಂದು ಒಮ್ಮೆಯಾದರೂ ಅನಿಸಿತ್ತೇ? ಅದೊಂದನ್ನು ನಿಜ ಬರೆ. ಬಿಸಿಲು ಬಹಳ, ಹೊರಗೆ ತಿರುಗಬೇಡ.

ನಿನ್ನ ಹಡೆದವ್ವ,
ಕಾಶೆವ್ವ

ತಾ.ಕ.: ಮೇಲಿನದನ್ನು ಬರೆದು ಮೂರು ದಿನವಾಯಿತು, ಅಂಚೆಗೆ ಹಾಕಿರಲಿಲ್ಲ. ಈಗ ಮೂಡಲಗಿಯಲ್ಲಿ ನಿನ್ನ ದೊಡ್ಡವ್ವ ಶಿವವ್ವನ ಮನೆಯಲ್ಲಿದ್ದೇನೆ. ನಿಮ್ಮಪ್ಪನಿಗೆ ಹೇಳದೆ ಬಂದಿದ್ದೇನೆ, ತಿರುಗಿ ಹೋಗುವ ಮನಸ್ಸಿಲ್ಲ. ಅವರು ಹುಡುಕಿಕೊಂಡು ಮೊದಲು ನಿನ್ನ ಬಾಗಿಲಿಗೇ ಬರುತ್ತಾರೆ. ಅವ್ವ ಎಲ್ಲಿ ಹೋಗಿದ್ದಾಳೋ ಗೊತ್ತಿಲ್ಲ ಅನ್ನು. ನನ್ನ ಮುಖ ನೋಡಿಕೊಂಡು ಹೇಳಿದೆಯಲ್ಲ, ಹಾಗೆಯೇ ಅವರ ಮುಖ ನೋಡಿಕೊಂಡು ಹೇಳು.