ಗಾಜು ತಿಳಿಯಾಗುವವರೆಗೆ

ರೀ,

ಇವತ್ತು ಬೆಳಗಿನ ಪಾಳಿ, ಆರರ ಬಸ್ಸಿಗೆ ಹೊರಟೆ. ಉಪ್ಪಿಟ್ಟು ಮುಚ್ಚಿಟ್ಟಿದ್ದೇನೆ, ಕೂತು ತಿನ್ನಿ.

ನಿನ್ನೆ ಕಾರಿನ ಗಾಜಿಗೆ ಕಟ್ಟಿದ ಮಂಜುಗಡ್ಡೆಯಲ್ಲಿ ಅಂಗೈಯಷ್ಟು ಜಾಗ ಮಾತ್ರ ಕೆರೆದುಕೊಂಡು ಎಸ್ಕಿಲ್‌ಸ್ಟುನಾದ ಆಫೀಸಿಗೆ ಹೊರಟಿರಲ್ಲ, ಕಾರು ಮೈಮೇಲೇ ಬಂತೆಂದು ಕೆಳಮನೆಯ ಅಜ್ಜಿ ಹೆದರಿ ಹಿಮದ ರಾಶಿಗೆ ಬಿದ್ದಿದ್ದು ನಿಮಗೆ ಕಾಣಲೇ ಇಲ್ಲ. ಎಬ್ಬಿಸಿದ್ದು ನಾನು. ಪುಣ್ಯಕ್ಕೆ ಪೆಟ್ಟಾಗಿಲ್ಲ.

ಗಾಜಿನೊಳಗೇ ಬಿಸಿ ತಂತಿ ಇದೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದವರು ನೀವೇ. ಅದಕ್ಕೆ ನಾಲ್ಕು ನಿಮಿಷ ಕೊಡಲು ಮಾತ್ರ ಪುರುಸೊತ್ತಿಲ್ಲ! ಮೊದಲು ಹಿಮ ಗುಡಿಸಿ. ಎಂಜಿನ್ ಚಾಲೂ ಮಾಡಿ ಆ ತಂತಿಯ ಬಟನ್ ಒತ್ತಿ. ವೈಪರ್ ಕೂರುವ ಜಾಗವೂ ಬಿಸಿಯಾಗುತ್ತದೆ. ಗಾಜಿಗೆ ಅಂಟಿದ ರಬ್ಬರ್ ತಾನಾಗಿ ಬಿಡುವವರೆಗೆ ವೈಪರ್ ಹಾಕಬೇಡಿ. ಸ್ನಾನದ ಬಿಸಿನೀರು ಸುರಿದೀರಿ ಜೋಕೆ, ಗಾಜು ಬಿರಿಯುತ್ತದೆ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಏಳೂವರೆಗೆ ಆಫೀಸಿನ ಸೀಟಿನಲ್ಲಿ ಇಲ್ಲದಿದ್ದರೆ ಈ ದೇಶದ ವರ್ಕ್ ಪರ್ಮಿಟ್ಟೇ ಹೋಗುತ್ತದೆ ಅಂತ ಮೂರು ತಿಂಗಳಿಂದ ನಿದ್ದೆಗೆಟ್ಟಿದ್ದೀರಿ. ಅದಕ್ಕೇ ನಿನ್ನೆ ನಿಮ್ಮ ಮ್ಯಾನೇಜರ್ ಲೆನಾರ್ಟ್‌ಗೆ ಫೋನ್ ಮಾಡಿ ಕೇಳಿದೆ. "ಅಷ್ಟು ಬೇಗ ಬರೋಕೆ ಯಾರು ಹೇಳಿದ್ದು? ನಾವೆಲ್ಲ ಬರೋದೇ ಒಂಬತ್ತಕ್ಕೆ. ಇವರು ಯಾಕೆ ಕತ್ತಲಲ್ಲಿ ಬಂದು ಕೂತಿರ್ತಾರೆ ಅಂತ ನಮಗೇ ಆಶ್ಚರ್ಯ!" ಅಂದರು.

ಕೇಳಿಸಿತೇ? ನಿಮ್ಮನ್ನು ಓಡಿಸುವ ಧಣಿ ಆಫೀಸಿನಲ್ಲಿಲ್ಲ, ಬೆಂಗಳೂರಿನಿಂದ ನೀವೇ ಹೊತ್ತು ತಂದಿದ್ದೀರಿ. ಅವನಿಗಾಗಿ ಯಾರ ಜೀವವೂ ಹೋಗುವುದು ಬೇಡ, ನಿಮ್ಮದಂತೂ ಬೇಡವೇ ಬೇಡ.

ಎದುರಿಗೆ ಹೇಳಿದರೆ ಮಾತು ಬೆಳೆಯುತ್ತಿತ್ತು, ಅದಕ್ಕೇ ಬರೆದಿಟ್ಟೆ. ಕೇಳದೆ ಫೋನ್ ಮಾಡಿದೆನೆಂದು ಕೋಪ ಬಂದರೆ ಸಂಜೆ ಬಂದು ಜಗಳ ಆಡಿ. ಕಾಯುತ್ತಿರುತ್ತೇನೆ.

ಸುಜಯಾ