ನಿಮಿಷಕ್ಕೆ ನೂರ ಮೂವತ್ತೆರಡು

ಮೂಡುಬಿದಿರೆ
ಶುಕ್ರವಾರ, ೨೪ ಜನವರಿ ೨೦೨೫, ಬೆಳಗ್ಗೆ

ಪ್ರೀತಿಯ ಮೊಮ್ಮಗಳು ಸಾತ್ವಿಕಾಳಿಗೆ,

ಚೆನ್ನೈಯಲ್ಲಿ ಹಿಡಿದಿದ್ದ ಗಂಟಲುನೋವು ಗುಣವಾಯಿತೆಂದು ನಿನ್ನ ತಾಯಿ ಹೇಳಿದಳು. ಪರೀಕ್ಷೆ ಮುಗಿಯುವವರೆಗೆ ತಣ್ಣೀರು ಕುಡಿಯಬೇಡ. ನಾವೆಲ್ಲರೂ ಕ್ಷೇಮ, ನನ್ನ ಮೊಣಕಾಲು ಮಾತ್ರ ತನ್ನ ಹಟ ಬಿಟ್ಟಿಲ್ಲ. ಈ ಕಾಗದವನ್ನು ಪಿಟೀಲು ನುಡಿಸುವ ನಿನ್ನ ಗೆಳತಿ ಶಿಫಾನಾ ಮೊಬೈಲಿನಲ್ಲಿ ಚಿತ್ರ ತೆಗೆದು ಈಗಲೇ ಕಳುಹಿಸುತ್ತಾಳೆ. ದೂರವಾಣಿಯಲ್ಲಿ ಹೇಳಬಹುದಿತ್ತು, ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟೆ.

ನಿನ್ನ ನಾಲ್ಕು ನಿಮಿಷಗಳ ವಾದ್ಯವೃಂದ ರಚನೆ ‘ಸೂರ್ಯಾಸ್ತಕ್ಕೆ ಮುನ್ನ’ ನಾಡಿದ್ದು ಆದಿತ್ಯವಾರ ಇಲ್ಲಿನ ಸಭಾಭವನದಲ್ಲಿ ಮೊದಲ ಬಾರಿಗೆ ಕೇಳಿಸಲಿದೆ. ಅದು ನೀನು ಬರೆದಂತೆ ಕೇಳಿಸುವುದಿಲ್ಲ. ಕಾರಣ ನಾನು.

ಕಳೆದ ತಿಂಗಳು ವಾದ್ಯವೃಂದದ ನಿರ್ದೇಶಕ ಇಬ್ರಾಹಿಂ ಖಲೀಲರು ಪಾಣೆಮಂಗಳೂರಿನಿಂದ ನಿನ್ನ ಹಸ್ತಪ್ರತಿಯೊಂದಿಗೆ ಮನೆಗೆ ಬಂದಿದ್ದರು. ಸಂದೇಹ ಬಂದರೆ ಅಜ್ಜನನ್ನು ಕೇಳಿ, ನಮ್ಮ ಮನೆಯ ಸಂಜೆ ಅವರಿಗೆ ಗೊತ್ತು ಎಂದು ನೀನೇ ಅವರಿಗೆ ಹೇಳಿದ್ದೆಯಂತೆ. ಅವರ ಸಂದೇಹ ಗತಿಯ ಕುರಿತಾಗಿತ್ತು. ಮುಸ್ಸಂಜೆಯ ರಚನೆಗೆ ನಿಮಿಷಕ್ಕೆ ನೂರ ಮೂವತ್ತೆರಡು ಬಡಿತವೇ? ಜಿ ಮೈನರ್ ಎಂಬ ಆ ದುಃಖದ ಸ್ವರನೆಲೆಯಲ್ಲಿ (‘ಶ್ರುತಿ’ ಎಂದರೆ ಅರ್ಧವಷ್ಟೇ ಸರಿಯಾದೀತು, ಆದುದರಿಂದ ಹೀಗೆ ಬರೆದೆ) ಇಷ್ಟೊಂದು ಓಟವೇ? ಭಾವವನ್ನು ಸೂಚಿಸುವಲ್ಲಿ ನೀನು ‘ತರಾತುರಿ, ಒಳಗೊಳಗೇ ಗಾಬರಿ’ ಎಂದು ಬರೆದಿದ್ದೆ. ಮೂವತ್ತಾರು ವರ್ಷ ಮಕ್ಕಳ ಪ್ರಬಂಧಗಳನ್ನು ತಿದ್ದಿದ ಕೈ ನನ್ನದು. ಕೆಂಪು ಶಾಯಿಯ ಪೆನ್ನು ಕಿಸೆಯಲ್ಲೇ ಇತ್ತು. ನಮ್ಮ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ, ಹಾಗಾಗಿ ಸಂಜೆಯೆಂದರೆ ಕೈಕಾಲು ತೊಳೆದು, ಬೆಳಕಿರುವಾಗಲೇ ಉಂಡು, ಬಸದಿಯತ್ತ ಹೆಜ್ಜೆಹಾಕುವ ಸಮಾಧಾನದ ಹೊತ್ತು ಎಂದು ಅವರಿಗೆ ವಿವರಿಸಿದೆ. ಗತಿಯನ್ನು ಎಪ್ಪತ್ತೆರಡಕ್ಕೆ ಇಳಿಸಿದೆ. ನಿನ್ನ ಮಾತುಗಳನ್ನು ಅಳಿಸಿ ‘ಪ್ರಶಾಂತ, ಭಕ್ತಿಪೂರ್ಣ’ ಎಂದು ಬರೆದೆ. ಕೊನೆಯಲ್ಲಿ ನೀನು ಎಲ್ಲ ವಾದ್ಯಗಳನ್ನೂ ಹಠಾತ್ತನೆ ನಿಲ್ಲಿಸಿ, ಒಂದು ಆವರ್ತವನ್ನು ಖಾಲಿ ಬಿಟ್ಟು, ಅದರ ಮೇಲೆ ‘ಅಜ್ಜಿಯ ತಟ್ಟೆ’ ಎಂದು ಬರೆದಿದ್ದೆಯಲ್ಲ, ಅದು ಅಸಂಬದ್ಧವೆನಿಸಿತು. ಹೊಡೆದುಹಾಕಿ, ಹರ್ಷದ ಜಿ ಮೇಜರಿನಲ್ಲಿ ದೀರ್ಘವಾಗಿ, ಮಂಗಳಕರವಾಗಿ ಮುಗಿಸಿರೆಂದು ಸೂಚಿಸಿದೆ. ನಿನಗೆ ತಿಳಿಸಿದ್ದೇನೆಂದು ಖಲೀಲರಿಗೆ ಹೇಳಿದೆ. ತಿಳಿಸಿರಲಿಲ್ಲ.

ಬುಧವಾರ ಅಭ್ಯಾಸ ಕೇಳಲು ಪಾಣೆಮಂಗಳೂರಿಗೆ ಹೋದೆ. ಮದುವೆಮನೆಗಳಲ್ಲಿ ಗಂಟಲು ಬಿಚ್ಚಿ ಊದುವ ಸ್ಯಾಕ್ಸೊಫೋನಿನವರೂ ಸೇರಿ ಇಪ್ಪತ್ತೆರಡು ಮಂದಿ ಎಷ್ಟು ಮೃದುವಾಗಿ ನುಡಿಸಿದರೆಂದರೆ ನನ್ನ ಕಣ್ಣು ತುಂಬಿತು. ಎಲ್ಲರೂ ಚಹಾಕ್ಕೆ ಎದ್ದಾಗ ಶಿಫಾನಾ ಬಳಿಗೆ ಬಂದಳು.

“ಸರ್, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಉಪವಾಸದ ತಿಂಗಳಲ್ಲಿ ಮಸೀದಿಯ ಸಂಜೆ ಬಾಂಗಿನ ಮೊದಲು ನಮ್ಮ ಉಮ್ಮ ಅಡುಗೆಮನೆಯಲ್ಲಿ ಇಷ್ಟು ನಿಧಾನ ಇದ್ದದ್ದು ನಾನು ಕಂಡದ್ದೇ ಇಲ್ಲ. ಗಂಜಿಗೆ ಒಂದು ಕೈ, ಸಮೋಸಕ್ಕೆ ಒಂದು ಕೈ, ಕಣ್ಣು ಗಡಿಯಾರದಲ್ಲಿ. ನಮಗೆ ಅದು ವರ್ಷಕ್ಕೆ ಒಂದೇ ತಿಂಗಳು. ನಿಮ್ಮಲ್ಲಿ ಅಜ್ಜಿಗೆ ದಿನಾ ಹಾಗೇ ಅಲ್ವಾ?”

ನಿನ್ನ ಅಜ್ಜಿ ಕಾಂತಿ ಐವತ್ತೊಂದು ವರ್ಷ ಆ ಹೊತ್ತಿನಲ್ಲಿ ಓಡಿದ್ದಾಳೆ. ನನ್ನ ಮಣೆಯಿಂದ ಅಡುಗೆಮನೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಬಡಿಸುವ ಕೈ ಮಾತ್ರ. ನಿನ್ನ ತಂದೆಯ ಉಚ್ಚಾರಣೆ ತಿದ್ದುತ್ತ, ಇನ್ನೊಂದು ಸೌಟು ಸಾರು ಕೇಳುತ್ತ ನಾನು ಕುಳಿತಿರುವಾಗ ಹೊರಗೆ ಬೆಳಕು ಹೋಗುತ್ತಿತ್ತು. ಆಮೇಲೆ ಅವಳು ಉಣ್ಣುವಂತಿರಲಿಲ್ಲ. ಮರುದಿನ ಬೆಳಗಾಗುವವರೆಗೆ ನೀರೂ ಇಲ್ಲ. ಎಷ್ಟು ದಿನ ಹಾಗಾಯಿತೆಂದು ಕೇಳೋಣವೆಂದರೆ ಅವಳು ಹೋಗಿ ಎರಡು ವರ್ಷವಾಯಿತು. ಅವಳ ಪಕ್ಕದಲ್ಲಿ ಮಲಗುತ್ತಿದ್ದ ನಿನಗೆ ಮಾತ್ರ ಅದು ತಿಳಿದಿತ್ತು.

ಒಡನೆಯೇ ಖಲೀಲರ ಬಳಿ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಮೂರು ವಾರ ಎಪ್ಪತ್ತೆರಡಕ್ಕೆ ಪಳಗಿದ ಬೆರಳುಗಳು ನೂರ ಮೂವತ್ತೆರಡಕ್ಕೆ ಏರಬೇಕಾದರೆ ಶನಿವಾರವಿಡೀ ಅಭ್ಯಾಸ ಬೇಕು, ಅಂದು ಕೆಲವರಿಗೆ ಮದುವೆಗಳಲ್ಲಿ ನುಡಿಸುವುದಿದೆ, ಬಿಡಿಸಿ ಕರೆತರಬೇಕು ಎಂದರು. ಕೊನೆಗೆ, “ನೀವು ಹೇಳಿದಿರಿ, ಬದಲಿಸಿದೆ. ಪುನಃ ನೀವೇ ಹೇಳಿದ್ರೆ ಆಗ್ಲಿಕ್ಕಿಲ್ಲ ಮಾಷ್ಟ್ರೇ. ಬರೆದವಳು ಹೇಳಲಿ,” ಎಂದು ಹಸ್ತಪ್ರತಿಯನ್ನು ಮಡಚಿಟ್ಟರು.

ಇಂದು ಸಂಜೆ ಐದರೊಳಗೆ ನಿನ್ನ ಮಾತು ಅವರಿಗೆ ತಲುಪದಿದ್ದರೆ ನನ್ನ ಕೆಂಪು ಶಾಯಿಯೇ ನಿನ್ನ ಹೆಸರಿನಲ್ಲಿ ನುಡಿಯುತ್ತದೆ. ನಡುವಿನ ದಾರಿಯೆಂದು ನೂರು ಬಡಿತ ಇಡುವ ಎಂದಾರು, ಒಪ್ಪಬೇಡ. ಆ ಖಾಲಿ ಆವರ್ತವನ್ನಂತೂ ಬಿಟ್ಟುಕೊಡಲೇಬೇಡ. ನನ್ನೊಡನೆ ಜಗಳವಾಡುವುದನ್ನು ಪರೀಕ್ಷೆಯ ನಂತರಕ್ಕೆ ಇಟ್ಟುಕೋ, ಅವರಿಗೆ ಕರೆ ಮಾಡುವುದನ್ನಲ್ಲ.

ನಿನ್ನ ವಿದ್ಯೆಗೂ ಕಿವಿಗೂ ಶ್ರೇಯಸ್ಸಾಗಲಿ. ಗುರುಗಳಿಗೆ ನನ್ನ ವಂದನೆ ತಿಳಿಸು.

ನಿನ್ನ ಅಜ್ಜ,
ಕಮಲಾಕ್ಷ

ಮತ್ತೊಂದು ಮಾತು: ಶಿಫಾನಾ ಬಾಗಿಲಲ್ಲಿ ಕಾಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ನಿನ್ನೆ ಸಂಜೆ ನಿನ್ನ ತಾಯಿಯನ್ನು ಕೂರಿಸಿ ಅಡುಗೆಯನ್ನು ನಾನೇ ಮಾಡಿದೆ. ಅನ್ನ, ತೊವ್ವೆ, ಅಲಸಂಡೆ ಪಲ್ಯ, ಅಷ್ಟೇ. ಅವಳಿಗೂ ನಿನ್ನ ತಂದೆ ಶೋಧನನಿಗೂ ಬಡಿಸಿ, ಅವನು ಕೇಳಿದನೆಂದು ಮತ್ತೊಮ್ಮೆ ತೊವ್ವೆ ಬಿಸಿಮಾಡಿ ತಂದು ಹೊರಗೆ ನೋಡಿದರೆ ಸೂರ್ಯನಿರಲಿಲ್ಲ. “ಅಪ್ಪ, ನಿಮ್ಮದು ಊಟ ಆಯ್ತಾ?” ಎಂದು ನಿನ್ನ ತಂದೆ ತಲೆಯೆತ್ತದೆ ಕೇಳಿದ. ಹಸಿವಿಲ್ಲವೆಂದೆ. ನಂಬಿದ.